ಏಳು, ಏಳು, ಆರು

ನವೆಂಬರ್ 4, ಬೆಳಿಗ್ಗೆ 7

ಹೊಳೆ ನೀರು ಘಾಟಿನ ಇನ್ನೊಂದು ಮೆಟ್ಟಿಲು ಇಳಿದಿದೆ. ನಿನ್ನೆ ಒಂಬತ್ತನೆಯದು ಕಂಡಿತ್ತು, ಇವತ್ತು ಹತ್ತು. ಹಲ್ಲುಜ್ಜುತ್ತಲೇ ಹೋಗಿ ನೋಡಿ ಬಂದೆ. ಅತ್ತೆ ಕೇಳಿದರು, "ಏಟ್ ಇಳ್ದದೆ?" ಹೇಳಿದೆ. ತಲೆ ಆಡಿಸಿ ರಾಗಿ ಹಿಟ್ಟು ಜರಡಿ ಹಿಡಿಯೋಕೆ ಕೂತರು.

ಮೋಟಾರ್ ಪಟ್ಟಿ ಮತ್ತೆ ಬರೆದೆ. ರಾಜೇಂದ್ರಣ್ಣನ ದೋಣಿಗೆ ಇರೋದು ಹದಿನೈದು ಎಚ್‌ಪಿ. ಎಷ್ಟು ಕಮ್ಮಿ ಇಟ್ಟರೂ ಓಡುತ್ತೆ, ನಡೆಯಲ್ಲ. ನನಗೆ ನಡೆಯೋದು ಬೇಕು. ಎರಡು ವರ್ಷದಿಂದ ಸಿದ್ದುನೂ ಇದನ್ನೇ ಹೇಳ್ತಿದ್ದ — ಪಕ್ಕಕ್ಕೆ ಒಂದು ಮರಿ ಮೋಟಾರ್ ಸಿಕ್ಕಿಸ್ಕೋಬೇಕು, ದಡ ಬಿಟ್ಟು ನಡು ಹೊಳೇಲಿ ಗಾಳದ ದಾರ ಹಿಂದೆ ಬಿಟ್ಕೊಂಡು ನಿಧಾನ ಎಳೀತಾ ಹೋಗಬೇಕು, ಅದಕ್ಕೆ ಟ್ರೋಲಿಂಗ್ ಅಂತಾರೆ, ಫೋನಲ್ಲಿ ನೋಡು ಅಂತ. ನೋಡಿರಲಿಲ್ಲ. ಈಗ ಅವನಿಗಿಂತ ಜಾಸ್ತಿ ನೋಡಿದ್ದೀನಿ. ಅವನು ಮೀನಿಗೆ ಕೇಳಿದ್ದು. ನಾನು ಹಿಂದೆ ಪಾತಾಳಗರಡಿ ಎಳೆಯಬೇಕು, ಬಾವಿಗೆ ಬಿದ್ದ ಕೊಡ ತೆಗೆಯೋ ಕೊಕ್ಕೆಗಳ ಗೊಂಚಲು. ಅವನನ್ನೇ ಹುಡುಕೋಕೆ.

ಆಗಸ್ಟ್ 9ರಿಂದ ಎಂಬತ್ತೇಳು ದಿನ. ದೋಣಿ ಸೇತುವೆ ಕಂಬಕ್ಕೆ ಒರಗಿಕೊಂಡು ಸಿಕ್ಕಿತು, ಖಾಲಿ. ಸಿದ್ದು, ನನ್ನ ಗಂಡ, ಸಿಗಲಿಲ್ಲ. ಫೈರ್‌ನವರು ಹನ್ನೊಂದು ದಿನ ಹುಡುಕಿ ಕೈಬಿಟ್ಟರು. ಸ್ಟೇಷನ್‌ನಲ್ಲಿ ಹೇಳಿದ್ದು — ಬಾಡಿ ಸಿಗದೆ ಏನೂ ಬರೆಯೋಕಾಗಲ್ಲಮ್ಮ, ಕಾನೂನು ಪ್ರಕಾರ ವರ್ಷಗಟ್ಟಲೆ ಕಾಯಬೇಕು. ಅತ್ತೆ ಕಾಯ್ತಿದ್ದಾರೆ. ತಿಂಗಳು ತಿಂಗಳು ಅಂಗಡಿಗೆ ಹೋಗಿ ಅವನ ನಂಬರಿಗೆ ಕರೆನ್ಸಿ ಹಾಕಿಸ್ತಾರೆ. "ನಂಬರ್ ಕಟ್ಟಾದ್ರೆ ಎಂಗ್ ಫೋನ್ ಮಾಡಾನು?"

ನನಗೆ ಕಾಯೋದು ಬರಲ್ಲ. ಒಂದು ಮೂಳೆಯಾದರೂ ಅವರ ಕೈಗೆ ಕೊಡಬೇಕು.


ನವೆಂಬರ್ 6, ಸಂಜೆ

ಮೈಸೂರಿಗೆ ಹೋಗಿ ಬಂದ್ವಿ. ನಾನು, ರಾಜೇಂದ್ರಣ್ಣ. ನನ್ನ ಡಿಟಿಪಿ ಅಂಗಡಿಗೆ ಅರ್ಧ ದಿನ ಬೀಗ — ಇವತ್ತು ತಾಲ್ಲೂಕಾಫೀಸಿಗೆ ಅರ್ಜಿ ಕೊಡೋರೆಲ್ಲ ತಮ್ಮ ಕಾಗುಣಿತದಲ್ಲೇ ಕೊಟ್ಟಿರಬೇಕು. ದೇವರು ಕಾಪಾಡಲಿ.

ಮೊದಲನೇದು ಟೂ ಸ್ಟ್ರೋಕ್, ಎರಡು ಎಚ್‌ಪಿ. ಹತ್ತು ಕೆಜಿ, ಮಗು ಥರ ಎತ್ಕೊಂಡೆ. ಆದರೆ ನ್ಯೂಟ್ರಲ್ ಇಲ್ಲ. ಸ್ಟಾರ್ಟ್ ಮಾಡಿದ ಕೂಡಲೆ ಹೊರಡುತ್ತೆ. ಕೊಕ್ಕೆಗೆ ಏನಾದರೂ ಸಿಕ್ಕಿದ ಗಳಿಗೆಗೆ ದೋಣಿ ನಿಲ್ಲಬೇಕು, ಇಲ್ಲದಿದ್ದರೆ ಸಿಕ್ಕಿದ್ದು ಹರಿದು ಬರುತ್ತೆ. ಅಂಗಡಿಯವನಿಗೆ ಹೀಗೇ ಹೇಳಿದೆ. "ಎಂಥ ಮೀನು ಮೇಡಂ?" ಅಂದ. ರಾಜೇಂದ್ರಣ್ಣ ಹೊರಗೆ ಹೋಗಿ ನಿಂತ.

ಎರಡನೇದು ಫೋರ್ ಸ್ಟ್ರೋಕ್, ನಾಲ್ಕು ಎಚ್‌ಪಿ, ಲಾಂಗ್ ಶಾಫ್ಟ್, ಅಂದರೆ ನೀರಿಗೆ ಇಳಿಯೋ ಕಂಬ ಉದ್ದ. ಇಪ್ಪತ್ತೈದು ಕೆಜಿ ಮೇಲೆ. ನ್ಯೂಟ್ರಲ್ ಇದೆ, ರಿವರ್ಸ್ ಇದೆ. ನನಗೆ ಹಿಡಿಸಿತು.

ಮೂರನೇದು ಬ್ಯಾಟರಿದು. ಸದ್ದಿಲ್ಲ, ಹೊಗೆಯಿಲ್ಲ. ರಾಜೇಂದ್ರಣ್ಣ ಅದಕ್ಕೇ ಅಂಟಿಕೊಂಡ. "ಸೋಸ್ಲೆ ಕಡೆ ಆಗ್ಲೇ ಇದ್ದುದ್ದು ಏಳಡಿ ನೀರು ಕಣವ್ವ. ಅದ್ಕೆ ಇದು ಸಾಕು. ಆ ಉದ್ದ ಶಾಫ್ಟು ತಳದ್ ಮರಳ್ಗೆ ತಗಲ್ತದೆ. ಸದ್ದಿಲ್ದಿದ್ರೆ ನಿಂಗೂ ನೆಮ್ದಿ." ಅವನ ಮಾತು ತೆಗೆದುಹಾಕೋಕಾಗಲ್ಲ. ಸಿದ್ದುಗೆ ಸ್ಕೂಲಿಂದ ಜೊತೆ. ಆವತ್ತು ಹೆಂಡತಿ ಊರಿಗೆ, ಚಿಕ್ಕಯ್ಯನಛತ್ರಕ್ಕೆ ಹೋಗದೆ ದೋಣಿಯಲ್ಲೇ ಇದ್ದಿದ್ದರೆ ಹೀಗಾಗ್ತಿರಲಿಲ್ಲ ಅಂತ ಅವನೇ ಎಷ್ಟು ಸಲ ಅತ್ತಿದ್ದಾನೆ.

ಸೋಸಲೆ ಕಡೆ ಅನ್ನೋದು ಗೊತ್ತಾಗಿದ್ದು ನನ್ನಿಂದ. ಅದೊಂದು ಸಮಾಧಾನ ಇದೆ. ಹೂಳಿನ ಸರ್ವೆಗೆ ಸಿದ್ದು ಬಿದಿರು ಗಳ ಇಳಿಸಿ ಆಳ ನೋಡ್ತಿದ್ದ. ಕೈ ಒದ್ದೆ, ಬರೆಯೋಕಾಗಲ್ಲ. ವಾಟ್ಸಾಪಲ್ಲಿ ವಾಯ್ಸ್ ಒತ್ತಿ ಹಿಡಿದು ನಂಬರ್ ಕೂಗೋನು, ನಾನು ಅಂಗಡೀಲಿ ಕೂತು ಬುಕ್ಕಿಗೆ ಬರ್ಕೊಳ್ಳೋಳು. ಆಗಸ್ಟ್ 9ರ ಕೊನೇದು ಬೆಳಿಗ್ಗೆ 10.42ಕ್ಕೆ. "ಏಳು... ಏಳು... ಆರು." ಬರ್ಕೊಂಡೆ. 7, 7, 6. ಸಂಗಮದ ಸುತ್ತ ಆ ಲೆಕ್ಕದ ನೀರು ಇರೋದು ಸೋಸಲೆ ಕಡೆ ಮಾತ್ರ. ಬುಕ್ ಫೈರ್‌ನವರಿಗೆ ಕೊಟ್ಟೆ. "ಇಷ್ಟು ನೀಟಾಗಿ ಯಾರೂ ಬರೆದಿಡಲ್ಲಮ್ಮ" ಅಂದರು.


ನವೆಂಬರ್ 9, ಮಧ್ಯಾಹ್ನ 2

ಬ್ಯಾಟರಿ ಮೋಟಾರ್ ಟ್ರಯಲ್. ಪರಿಚಯದವರ ರೆಸಾರ್ಟಿಂದ ರಾಜೇಂದ್ರಣ್ಣ ಎರಡು ದಿನಕ್ಕೆ ತಂದಿದ್ದಾನೆ.

ಒಳ್ಳೇ ಮೋಟಾರ್. ಹೇಳಿದ ಮಾತು ಕೇಳುತ್ತೆ. ಹಿಂದೆ ನಾನು, ಕೈಯಲ್ಲಿ ಮೋಟಾರಿನ ಹಿಡಿ. ನಡುವೆ ಮಾರಯ್ಯ — ಎಪ್ಪತ್ತರ ಮೇಲಿನ ಹರಿಗೋಲಿನ ಮುದುಕ, ಸಂಗಮದಲ್ಲೇ ಹುಟ್ಟಿದವನು — ಗರಡಿ ಹಗ್ಗ ಹಿಡ್ಕೊಂಡು. ಮುಂದೆ ರಾಜೇಂದ್ರಣ್ಣ. ಅವನಿಗೆ ಕೂತಲ್ಲೇ ಜೊಂಪು. ಮೂರು ತಿಂಗಳಿಂದ ನೆಟ್ಟಗೆ ನಿದ್ದೆ ಇಲ್ಲ ಅಂತ ಅವನ ಹೆಂಡತಿ ಹೇಳ್ತಿರ್ತಾಳೆ. ಮಲಗಲ್ಲವಂತೆ, ಗೋಡೆಗೆ ಒರಗಿ ಕೂತಿರ್ತಾನಂತೆ.

ಸದ್ದಿಲ್ಲದೆ ನೀರ ಮೇಲೆ ಹೋಗೋದು ನನಗೆ ಹಿಡಿಸಲಿಲ್ಲ. ಎಲ್ಲಾ ಕೇಳಿಸುತ್ತೆ. ದೋಣಿ ಅಡಿಯಲ್ಲಿ ನೀರು ತಟ್ಟೋದು. ಮೊದಮೊದಲು ಹೇಗೆ ಹೇಗೋ ತಟ್ಟುತ್ತಿತ್ತು. ಆಮೇಲೆ ಒಂದು ಲಯಕ್ಕೆ ಬಂತು. ಎರಡು ಉದ್ದ, ಒಂದು ಗಿಡ್ಡ. ನಿಲ್ಲುತ್ತೆ. ಮತ್ತೆ ಎರಡು ಉದ್ದ, ಒಂದು ಗಿಡ್ಡ. ಮಾರಯ್ಯನ ಮುಖ ನೋಡಿದೆ. ಅವನು ನನ್ನ ಮುಖ ನೋಡ್ತಿದ್ದ.

ಅಷ್ಟರಲ್ಲಿ ರಾಜೇಂದ್ರಣ್ಣ ಎದ್ದು ನಿಂತ. ದಡಕ್ಕನೆ, ಕಣ್ಣು ಮುಚ್ಚಿಕೊಂಡೇ. ದೋಣಿ ವಾಲಿತು, ಮಾರಯ್ಯ ಬಯ್ದ. "ಏನ್ಲಾ ನಿಂಗೆ!" ಕಣ್ಣು ಬಿಟ್ಟು ಕೂತ. "ಸೊಳ್ಳೆ" ಅಂದು ನಕ್ಕ. ನಡು ಹೊಳೇಲಿ, ಮಟಮಟ ಹಗಲಲ್ಲಿ, ಸೊಳ್ಳೆ.


ನವೆಂಬರ್ 10

ಇಡೀ ದಿನ ಸೋಸಲೆ ಕಡೆ ಎಳೆದ್ವಿ. ಸಿಕ್ಕಿದ್ದು — ಸ್ಟೀಲ್ ಚೊಂಬು, ಸೀರೆ ತುಂಡು, ಸೈಕಲ್ ರಿಮ್. ಬಟ್ಟೆ ಮೇಲೆ ಬಂದಾಗ ಅವನ ಶರ್ಟು ಅಂದ್ಕೊಂಡಿದ್ದೆ. ಸೀರೆ ಅಂತ ಗೊತ್ತಾದ ಮೇಲೆ ಅಳು ಬಂತು, ಅವನದಲ್ಲ ಅಂತ.


ನವೆಂಬರ್ 17, ಬೆಳಿಗ್ಗೆ

ಒಂದು ವಾರ ಬರೆಯಲಿಲ್ಲ. ಬರೆಯೋಕೆ ಏನೂ ಇರಲಿಲ್ಲ. ನೀರು ಇಳೀತಿದೆ, ನಾನು ಮೋಟಾರ್ ಆರಿಸ್ತಾನೇ ಇದ್ದೀನಿ. ಮದುವೆ ಸೀರೆಗೂ ಇಷ್ಟು ನೋಡಿರಲಿಲ್ಲ.

ಇವತ್ತು ಮಾರಯ್ಯ ಜಗಲಿ ಮೇಲೆ ಕೂತು ಕಾಫಿ ಕುಡೀತಾ ಕೇಳಿದ. "ಅಲ್ಲಾ ಕೋಮ್ಲವ್ವ, ಯಾವಾಗ್ಲೂ ಸೋಸ್ಲೆ ಕಡೇನೇ ಯಾಕ್ ಉಡುಕ್ತೀರಿ?" ಬುಕ್ಕಲ್ಲಿ ಆಳ ಬರೆದಿದೆಯಲ್ಲ ಅಂದೆ. "ನಂಗೆ ಬುಕ್ಕು ಗೊತ್ತಿಲ್ಲ. ಎಲ್ಡು ಒಳೆ ಸೇರಿ ಕೆಳಿಕೆ ಓದ್ರೆ ಒಂದು ಮಡು ಅದೆ. ಗಳ ಮುಟ್ಟಾಕಿಲ್ಲ. ಅಲ್ಲಿಗ್ ಬಂದುದ್ದ ನೀರು ಬುಡಾಕಿಲ್ಲ. ಆ ಬ್ಯಾಟ್ರಿ ತಕಂಡು ಅಲ್ಲಿಗ್ ಓದ್ರೆ ಅದೇ ನಮ್ಮನ್ನ ಎಳ್ಕಂಡ್ ಓಯ್ತದೆ."

ಸರಿ. ಸೋಸಲೆ ಜಾಲಾಡಿ ಆಯ್ತು, ಮಡು ನೋಡೇಬಿಡೋಣ ಅಂತ ನಿರ್ಧಾರ ಮಾಡಿದೆ. ಸುಳೀಲಿ ನಿಲ್ಲೋ ಶಕ್ತಿ ಬೇಕು, ನ್ಯೂಟ್ರಲ್ ಬೇಕು, ಉದ್ದ ಶಾಫ್ಟ್ ಬೇಕು. ಫೋರ್ ಸ್ಟ್ರೋಕ್ ನಾಲ್ಕು ಎಚ್‌ಪಿ. ಮೈಸೂರಿನ ಅಂಗಡಿಗೆ ಫೋನ್ ಮಾಡಿ ಹೇಳಿಬಿಟ್ಟೆ.

ರಾಜೇಂದ್ರಣ್ಣನಿಗೆ ಹೇಳಿದಾಗ ಮುಖ ಸುಟ್ಟ ಬದನೆಕಾಯಿ ಆಯ್ತು. "ಮಡೂಗಾ? ಅಲ್ಲಿಗ್ಯಾಕೆ? ಅಲ್ಲೇನದೆ?" ದನಿ ಏರಿಸಿ ಮಾತಾಡಿದವನೇ ಅಲ್ಲ ಅವನು. "ದೋಣಿ ನಂದು, ನಾನ್ ಕೊಡಾಕಿಲ್ಲ." ಆಮೇಲೆ ತಾನೇ ತಣ್ಣಗಾಗಿ, "ನಿನ್ನಿಷ್ಟ ತಾಯಿ" ಅಂದ. ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಹೋದ.


ನವೆಂಬರ್ 19, ಸಂಜೆ 5.30

ಇದನ್ನ ಈಗಲೇ ಬರೆದಿಡಬೇಕು.

ಆ ವಾಯ್ಸ್ ಮೆಸೇಜನ್ನ ಅತ್ತೆಗೆ ಇಲ್ಲೀತನಕ ಕೇಳಿಸಿರಲಿಲ್ಲ. ತಡ್ಕೊಳ್ಳಲ್ಲ ಅಂತ. ಇವತ್ತು ಇಯರ್‌ಫೋನ್ ವೈರ್ ಕಿತ್ತುಹೋಗಿದ್ದು ನೋಡ್ಕೊಳ್ಳದೆ ಒತ್ತಿದೆ. ಮನೆ ತುಂಬ ಅವನ ದನಿ. "ಏಳು... ಏಳು... ಆರು."

ಅಡುಗೆಮನೆಯಿಂದ ಅತ್ತೆ ಓಡಿಬಂದರು. ಅಳಲಿಲ್ಲ. ಕೇಳಿದರು — "ಯಾರ್ನ ಎಬ್ಬುಸ್ತಾವ್ನೆ?"

ಎಬ್ಬಿಸ್ತಿಲ್ಲ ಅತ್ತೆ, ನಂಬರ್ ಹೇಳ್ತಿದ್ದಾನೆ, ನೀರಿನ ಆಳ, ಏಳಡಿ, ಆರಡಿ ಅಂದೆ.

"ಯಾವ್ ನಂಬ್ರು? ನನ್ ಮಗ ನಂಬ್ರ ಇಂಗ್ ಕೂಗಾಕಿಲ್ಲ. ಇನ್ನೊಂದ್ ಕಿತ ಆಕು." ಹಾಕಿದೆ. "ಏಳ್ಲಾ, ಏಳ್ಲಾ, ಆರ್ಲಾ ಅಂತಾವ್ನೆ. ಮಲ್ಗಿರೋರ್ನ ಎಬ್ಬುಸ್ತಾವ್ನೆ ಕಣವ್ವ. ನೀರಿಗ್ ಆರು ಅಂತಾವ್ನೆ."

ಮತ್ತೆ ಹಾಕಿದೆ. ಇಪ್ಪತ್ತು ಸಲ ಹಾಕಿದೆ. ಪ್ರತಿ ಮಾತಿನ ಬಾಲಕ್ಕೂ ಗಾಳಿ ಸದ್ದು ಅಂದ್ಕೊಂಡಿದ್ದೆನಲ್ಲ, ಅದು ಗಾಳಿ ಅಲ್ಲ. ಲಾ. ಲಾ. ಲಾ.

ಹಾರು.


ನವೆಂಬರ್ 20, ಬೆಳಿಗ್ಗೆ 11, ಅಂಗಡಿ

ಗಿರಾಕಿ ಇಲ್ಲ. ಶಟರ್ ಅರ್ಧ ಎಳೆದಿದ್ದೀನಿ.

ನಾನು ನಂಜನಗೂಡು ಪೇಟೆಯವಳು. ಹಕಾರ ಬಿಟ್ಟರೆ ಮೇಷ್ಟರು ಹೊಡೀತಿದ್ದರು. ಇಲ್ಲಿ ದಿನವಿಡೀ ಜನರ ಅರ್ಜಿಗೆ ಹಕಾರ ಹಾಕಿ ಟೈಪ್ ಮಾಡೋದೇ ನನ್ನ ಹೊಟ್ಟೆಪಾಡು. ಮದುವೆಯಾದ ಹೊಸದರಲ್ಲಿ ಸಿದ್ದುನ ಎಷ್ಟು ಗೋಳು ಹುಯ್ಕೊಂಡಿದ್ದೆ. ಅಳ್ಳಿ ಅಲ್ಲ, ಹಳ್ಳಿ. ಆಲು ಅಲ್ಲ, ಹಾಲು. ಪಾಪ, ಕಲಿತ. ನನ್ನ ಜೊತೆ ಮಾತಾಡುವಾಗ ಉಸಿರು ಕಟ್ಟಿ ಹ ಅನ್ನೋನು. ನಾನು ನಗೋಳು. ಪ್ರಾಣ ಹೋಗೋ ಹೊತ್ತಲ್ಲಿ ಯಾರಿಗೆ ನೆನಪಿರುತ್ತೆ ನನ್ನ ಹಕಾರ?

ನನ್ನ ಕಿವಿಗೆ ಆರು ಅಂದರೆ ಆರು. ಅಕ್ಕಪಕ್ಕ ಕೂತು ಕೇಳಿದ ಫೈರ್‌ನವರೂ ಬುಕ್ಕನ್ನೇ ನಂಬಿದರು. ಹನ್ನೊಂದು ದಿನ, ಎರಡು ದೋಣಿ, ಹದಿನಾಲ್ಕು ಜನ — ನಾನು ತಪ್ಪು ಬರೆದ ಜಾಗದಲ್ಲಿ ಹುಡುಕಿದರು. ಅತ್ತೆ ಒಬ್ಬರ ಮುಂದೆ ಆವತ್ತೇ ಹಾಕಿದ್ದಿದ್ದರೆ ಸಾಕಿತ್ತು. ಇದನ್ನ ನಾನು ಹೇಗೆ ಸಹಿಸೋದು? ನನಗೆ ನನ್ನ ಮೇಲೇ ಹೇಸಿಗೆ.

ಇನ್ನೊಂದು. ಬೆರಳು ಒತ್ತಿ ಹಿಡಿದರೆ ರೆಕಾರ್ಡ್, ಬಿಟ್ಟರೆ ತಾನಾಗಿ ಹೋಗುತ್ತೆ. ಅವನು ಕಳಿಸಲಿಲ್ಲ ಅದನ್ನ. ಬೆರಳು ಬಿಟ್ಟುಹೋಗಿದೆ.

ಇನ್ನೂ ಒಂದು. ಹೆಂಗಸಿಗೆ ಲಾ ಅನ್ನಲ್ಲ. ದೊಡ್ಡವರಿಗೆ, ಗುರುತಿಲ್ಲದವರಿಗೆ ಅನ್ನಲ್ಲ. ದೋಣಿಯಲ್ಲಿ ಮಲಗಿದ್ದವನು ಸಿದ್ದು ಲಾ ಅನ್ನೋ ಗೆಳೆಯ. ಅಂಥವನು ಒಬ್ಬನೇ ಇರೋದು. ನಿದ್ದೆಗಣ್ಣಲ್ಲಿ ದಡಕ್ಕನೆ ಎದ್ದು ನಿಂತವನು.

ಅವನಾಗಿರದೇ ಇರಲಿ. ಅಣ್ಣ ಅಂತ ಕರೆದಿದ್ದೀನಿ.


ನವೆಂಬರ್ 23, ಮಧ್ಯಾಹ್ನ 3

ಮೋಟಾರ್ ಬಂತು. ಫಿಟ್ ಮಾಡೋಕೆ ಅವನೇ ಬಂದ. ಬೇಡ ಅನ್ನಲಿಲ್ಲ.

ಹಿತ್ತಿಲಲ್ಲಿ ನೀರು ತುಂಬಿದ ಡ್ರಮ್ಮಿಗೆ ಮೋಟಾರ್ ಇಳಿಬಿಟ್ಟು ಸ್ಟಾರ್ಟ್ ಮಾಡಿದ. ಹೊಸ ಮೋಟಾರನ್ನ ಮೊದಲು ಹೀಗೇ ಓಡಿಸಬೇಕಂತೆ, ಅರ್ಧ ಗಂಟೆ, ನಿಧಾನಕ್ಕೆ. ಒಳ್ಳೇ ಸದ್ದು, ಹೊಟ್ಟೆ ತುಂಬಿದ ಬೆಕ್ಕಿನ ಥರ. ಅವನು ಕಲ್ಲಿನ ಕಟ್ಟೆ ಮೇಲೆ ಗೋಡೆಗೆ ಒರಗಿ ಕೂತ. ಹತ್ತು ನಿಮಿಷಕ್ಕೆ ಕತ್ತು ವಾಲಿತು.

ಮೋಟಾರ್ ಆಫ್ ಮಾಡಿದೆ. ಡ್ರಮ್ಮಿನ ನೀರು ತೂಗಾಡ್ತಾ ತಗಡಿಗೆ ತಟ್ಟುತ್ತಿತ್ತು. ಎರಡು ಉದ್ದ. ಒಂದು ಗಿಡ್ಡ. ನಾನು ಮಾಡಿದ್ದಲ್ಲ ಅದು. ನಾನು ಮಾಡಿದ್ದು ಆಮೇಲಿಂದು — ಫೋನ್ ತೆಗೆದು, ಸೌಂಡ್ ಪೂರ್ತಿ ಇಟ್ಟು, ಒತ್ತಿದೆ.

ಮೊದಲನೇ ಏಳಿಗೆ ಬೆನ್ನು ನೆಟ್ಟಗಾಯ್ತು. ಎರಡನೇ ಏಳಿಗೆ ಎದ್ದು ನಿಂತ. ಆರು ಅಂದ ಕೂಡಲೆ ಕಟ್ಟೆ ಮೇಲಿಂದ ಹಾರಿದ. ಎರಡೂ ಕೈ ಮುಂದೆ ಚಾಚಿ, ಉಸಿರು ಬಿಗಿ ಹಿಡಿದು. ಸಿಮೆಂಟಿಗೆ ಬಿದ್ದ. ಕಣ್ಣು ಬಿಟ್ಟಾಗ ನಾನೂ ಅತ್ತೆಯೂ ಮುಂದೆ ನಿಂತಿದ್ದೆವು. ಮಂಡಿಯಿಂದ ರಕ್ತ ಹರೀತಿತ್ತು. ಒರೆಸಿಕೊಳ್ಳಲಿಲ್ಲ.

"ಜ್ವರ ಇತ್ತು ಕಣವ್ವ ಆವತ್ತು. ಮಾತ್ರೆ ನುಂಗಿದ್ದೆ. ಮೋಟ್ರ ನಾನೇ ನೋಡ್ಕಬೇಕಿತ್ತು, ಆಫ್ ಮಾಡಿ ಮುಂದ್ಗಡೆ ಮಲಿಕಂಡೆ. ದೋಣಿ ಮಡೂಗ್ ಬಂದುದ್ದು ಗೊತ್ತೇ ಆಗ್ನಿಲ್ಲ. ಅವ್ನು ನಿಲ್ಸಕೆ ಅಂತ ಲಂಗ್ರ ಎಸ್ದವ್ನೆ. ನನ್ ಕೂಗ್ದ. ಎದ್ದೆ, ಆರ್ದೆ. ತಿರುಗ್ ನೋಡುದ್ರೆ ಲಂಗ್ರದ ಅಳದಿ ಅಗ್ಗ ಅವ್ನ ಕಾಲ್ಗೆ ಸುತ್ಕಂಡಿತ್ತು. ದೋಣಿ ಕಡೆ ಗಂಟು ಕಿತ್ಕಂಡು ಅಂಗೇ ಎಳ್ಕಂಡ್ ಓಯ್ತು ಕಣವ್ವ ಕೆಳಿಕೆ. ನಾನು ಈಜ್ಕಂಡ್ ದಡ ಸೇರ್ದೆ. ಬಟ್ಟೆ ಬದ್ಲಾಯ್ಸಿ ಚಿಕ್ಕಯ್ಯನಛತ್ರದ ಬಸ್ ಅತ್ದೆ."

ಯಾಕೆ ಹೇಳಲಿಲ್ಲ ಅಂದೆ.

"ಮೊದ್ಲನೇ ದಿನ ಬಾಯ್ ಬರ್ನಿಲ್ಲ. ಎಲ್ಡ್ನೇ ದಿನ ನೋಡುದ್ರೆ ನೀವೆಲ್ಲ ಸೋಸ್ಲೇಲಿ ಉಡುಕ್ತಿದ್ರಿ, ಬುಕ್ನಲ್ ಬರ್ದದೆ ಅಂತ. ಆಮೇಲೆ ಎಂಗ್ ಯೋಳ್ಲಿ?"

ನನ್ನ ಬುಕ್ಕು ಅವನಿಗೆ ಬಚ್ಚಿಟ್ಟುಕೊಳ್ಳೋ ಜಾಗ ಆಯ್ತು. ಕೊಲ್ಲಬೇಕು ಅನ್ನಿಸಿತು. ಕೈಯಲ್ಲಿ ಸ್ಪ್ಯಾನರ್ ಇತ್ತು, ನಿಜ ಬರೀತೀನಿ. ಅತ್ತೆ ಅದನ್ನ ನನ್ನ ಕೈಯಿಂದ ಬಿಡಿಸಿಕೊಂಡು ಅವನ ಎದುರು ಕುಕ್ಕರುಗಾಲಲ್ಲಿ ಕೂತರು. ಬೈಯಲಿಲ್ಲ.

"ಜಾಗ ಗೊತ್ತಾ?"

"ಗೊತ್ತು ಕಣ್ ದೊಡ್ಡವ್ವ. ಕಣ್ಣು ಮುಚ್ಚುದ್ರೆ ಅದೇ ಕಾಣೋದು."

"ತೋರುಸು. ಆಮೇಕೆ ಠಾಣೆಗ್ ಓಗಿವಂತೆ."

ಬೆಳಿಗ್ಗೆ ಆರಕ್ಕೆ ಘಾಟಿಗೆ ಬತ್ತೀನಿ, ಜಾಗ ತೋರುಸ್ತೀನಿ ಅಂದ. ಅತ್ತೆ ಪಾದ ಮುಟ್ಟೋಕೆ ಬಂದ. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು.


ನವೆಂಬರ್ 24, ಬೆಳಿಗ್ಗೆ 6.25, ಘಾಟ್

ನಾನು, ಮಾರಯ್ಯ. ಮೋಟಾರ್ ದೋಣಿಗೆ ಕೂರಿಸಿ ಆಯ್ತು. ಅವನಿಲ್ಲ.

6.40. ಅವನ ಹೆಂಡತಿ ಫೋನ್. ನಾಲ್ಕೂವರೆಗೆ ಎದ್ದು ಹೋದರಂತೆ. ಇಲ್ಲಿಗೆ ಬರಲಿಲ್ವಾ ಅಂತ ನನ್ನನ್ನೇ ಕೇಳ್ತಾಳೆ. ಕೊನೇ ಮೆಟ್ಟಿಲ ಮೇಲೆ ಶರ್ಟು ಮಡಿಸಿಟ್ಟಿದೆ, ಮೇಲೆ ಫೋನು. ಪಕ್ಕದಲ್ಲಿ ಚಪ್ಪಲಿ. ನಾವು ಬಂದಾಗಿಂದ ಅಲ್ಲೇ ಇತ್ತು, ಯಾರೋ ಸ್ನಾನಕ್ಕೆ ಇಳಿದಿದ್ದಾರೆ ಅಂದ್ಕೊಂಡಿದ್ವಿ. ಫೈರ್‌ಗೆ ಫೋನ್ ಮಾಡಿದೆ.


9.15, ದೋಣಿ

ಮಡುವಿನಲ್ಲಿದ್ದೀವಿ. ಮೋಟಾರ್ ನ್ಯೂಟ್ರಲ್. ಸುಳಿಗೆ ಎದೆ ಕೊಟ್ಟು ಇಲ್ಲೀತನಕ ಬಂತು, ಎಲ್ಲೂ ಕೈಕೊಡಲಿಲ್ಲ. ಫೈರ್‌ನವರ ದೋಣಿ ಪಕ್ಕದಲ್ಲೇ, ನಮ್ಮದಕ್ಕೆ ಕಟ್ಟಿದೆ. ಆ ಕಡೆ ತಿರುಗಬೇಡ ಕಣವ್ವ ಅಂದ ಮಾರಯ್ಯ. ಕೈಗೆ ಏನಾದರೂ ಕೆಲಸ ಬೇಕು. ಅದಕ್ಕೇ ಬರೀತಿದ್ದೀನಿ.

ಜಾಗ ಹುಡುಕಬೇಕಾಗಲಿಲ್ಲ. ಬಂಡೆ ಪಕ್ಕ ಅವನ ಟವೆಲ್ ಒಂದೇ ಕಡೆ ಗಿರಗಿರ ಸುತ್ತುತ್ತಿತ್ತು. ಅಲ್ಲೇ ಗರಡಿ ಇಳಿಸಿದ್ದು. ಒಂದೇ ಸಲಕ್ಕೆ ಸಿಕ್ಕಿತು.

ರಾಜೇಂದ್ರಣ್ಣ.

ಸಾಯೋಕೆ ಹೋಗಿದ್ದು ಅಂತಿದ್ದಾರೆ ಫೈರ್‌ನವರು. ನಾನೂ ಹಾಗೇ ಅಂದ್ಕೊಂಡೆ. ಅತ್ತೆ ಕಾಲು ಹಿಂದಕ್ಕೆಳೆದುಕೊಂಡಿದ್ದು ಕಣ್ಣ ಮುಂದೆ ಬಂತು. ನಾನು ಆ ಮೆಸೇಜ್ ಒತ್ತಿದ್ದೂ ಬಂತು. ಆದರೆ ಮಾರಯ್ಯ ಈಗ ಹೇಳಿದ — ಅವನ ಮಣಿಕಟ್ಟಿಗೆ ಹಗ್ಗ ಇದೆಯಂತೆ. ಎರಡು ಸುತ್ತು ಸುತ್ತಿ ಗಂಟು ಹಾಕಿದೆಯಂತೆ, ಮೀನುಗಾರರ ಗಂಟು, ತಾನಾಗಿ ಬೀಳೋ ಗಂಟಲ್ಲ. ಹಳೇ ಹಗ್ಗ, ಪಾಚಿ ಕಟ್ಟಿದೆ. ಉಜ್ಜಿದರೆ ಕೆಳಗೆ ಹಳದಿ, ಸಿದ್ದು ಕಾಲಿಗೆ ಸುತ್ತಿದ್ದ ಲಂಗರಿನ ಹಗ್ಗ. ಸಾಯೋಕೆ ಇಳಿದವನು ಅದನ್ನ ಕೈಗೆ ಯಾಕೆ ಕಟ್ಕೋತಾನೆ?

ಅದರ ಇನ್ನೊಂದು ತುದಿ ಇನ್ನೂ ನೀರಲ್ಲೇ ಇದೆ. ಬಿಗಿಯಾಗಿದೆ. ಮೂರು ಜನ ಹಿಡಿದಿದ್ದಾರೆ. ಮಾರಯ್ಯ ಎಳೀಬೇಡಿ, ಮೆಲ್ಲಗೆ, ಅದೇ ಬತ್ತದೆ ಅಂತಿದ್ದಾನೆ. ದೋಣಿ ವಾಲ್ತಿದೆ. ತಿರುಗಬೇಡ ಅಂದಿದ್ದಾನೆ. ತಿರುಗಲ್ಲ. ಹಗ್ಗದಿಂದ ನೀರು ಸೋರೋ ಸದ್ದು ಕೇಳಿಸ್ತಿದೆ, ಸುರುಳಿ ಮೇಲೆ ಸುರುಳಿ, ಬರ್ತಿದೆ, ಇನ್ನೊಂದು ಮಾರು, ಹಗ್ಗ ಹಿಡಿದವರು ಎಳೆಯೋದು ನಿಲ್ಲಿಸಿದರು, ಮಾರಯ್ಯ ನನ್ನ ಭುಜದ ಮೇಲೆ ಕೈ ಇಟ್ಟ, ಕೋಮ್ಲವ್ವಾ ಅಂ